ಹತ್ತು ಎಲ್ಲಿ ಬೀಳುತ್ತದೆ? ಫ್ಲಮೆಂಕೊ ಗಿಟಾರಿನ ಫಾಲ್ಸೆತಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ಪೇನಿನ ದಕ್ಷಿಣ ಭಾಗ ಆಂದಲೂಸಿಯಾದ ಹಾಡು, ಕುಣಿತ, ಗಿಟಾರ್ ಮೂರೂ ಸೇರಿದ ಕಲೆ ಫ್ಲಮೆಂಕೊ. 2010ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಡುಗಾರ ಒಂದು ನುಡಿ ಮುಗಿಸಿ ಇನ್ನೊಂದು ನುಡಿ ಎತ್ತಿಕೊಳ್ಳುವುದರೊಳಗೆ ಗಿಟಾರಿನವರು ನುಡಿಸುವ ಸ್ವರದ ತುಣುಕಿಗೆ ಫಾಲ್ಸೆತಾ ಎನ್ನುತ್ತಾರೆ. ನಮ್ಮ ಆರ್ಕೆಸ್ಟ್ರಾದವರು ‘ಬಿಟ್’ ಅನ್ನುತ್ತಾರಲ್ಲ, ಭಜನೆಯಲ್ಲಿ ಪಲ್ಲವಿಗೂ ನುಡಿಗೂ ನಡುವೆ ಹಾರ್ಮೋನಿಯಂ ತುಂಬುವ ಜಾಗ ಇರುತ್ತದಲ್ಲ, ಅಂಥದ್ದೇ ಜಾಗ ಇದು. ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಇದೊಂದರ ಬಗ್ಗೆಯೇ ಏಳು ಪತ್ರ ಬಂದಿವೆ. ಕೆಲವಕ್ಕೆ ಉದ್ದದ ಉತ್ತರವೇ ಬೇಕು, ಕೊಟ್ಟಿದ್ದೇವೆ.

ದಾವಣಗೆರೆ ವಿದ್ಯಾನಗರದಿಂದ ಒಬ್ಬ ಓದುಗರು: ಇಷ್ಟವಾದ ಫಾಲ್ಸೆತಾಗಳನ್ನು ಫೋನಿನಲ್ಲಿ ಕೂಡಿಟ್ಟಿದ್ದೇನೆ ಸರ್, ನಲವತ್ತರ ಮೇಲಿವೆ. ಒಂದಕ್ಕೂ ಹೆಸರಿಲ್ಲ. ಯಾವುದು ಸೊಲೆಯಾ, ಯಾವುದು ಬುಲೆರಿಯಾಸ್ ಅಂತ ಕಿವಿಯಲ್ಲೇ ಗುರುತಿಸುವುದು ಹೇಗೆ?

ಉತ್ತರ: ಸ್ವರ ಹುಡುಕುವ ಕೆಲಸ ಆಮೇಲೆ. ಗಿಟಾರ್ ಪಕ್ಕಕ್ಕಿಟ್ಟು ಮೊದಲು ಬರೀ ಚಪ್ಪಾಳೆ ಹಾಕುತ್ತಾ ಕೇಳಿ. ಫ್ಲಮೆಂಕೊದಲ್ಲಿ ಹಾಡಿನ ಜಾತಿಗೆ ಪಾಲೊ ಎನ್ನುತ್ತಾರೆ, ತಾಳದ ಆವರ್ತಕ್ಕೆ ಕೊಂಪಾಸ್ ಎನ್ನುತ್ತಾರೆ. ಒಂದೇ ಸ್ವರಗಳು ನಾಲ್ಕಾರು ಪಾಲೊಗಳಲ್ಲಿ ಬಂದುಹೋಗುತ್ತವೆ, ಆದ್ದರಿಂದ ಸ್ವರ ಹಿಡಿದು ಹೊರಟವರು ದಾರಿ ತಪ್ಪುತ್ತಾರೆ. ಕೊಂಪಾಸ್ ಹಾಗೆ ಮೋಸ ಮಾಡುವುದು ಕಡಿಮೆ.

ಮೊದಲು ಕೇಳಿಕೊಳ್ಳಬೇಕಾದದ್ದು: ಇದಕ್ಕೆ ಚಪ್ಪಾಳೆ ಕೂರುತ್ತದೆಯೇ? ಎಷ್ಟು ಹಾಕಿದರೂ ಕೂರದೆ, ಗಿಟಾರ್ ಆಲಾಪದಂತೆ ಎಳೆದೂ ನಿಂತೂ ಹೋಗುತ್ತಿದ್ದರೆ ಅದು ತಾಳಮುಕ್ತ ಪಾಲೊ. ಇವುಗಳನ್ನು ಒಂದರಿಂದ ಒಂದು ಬಿಡಿಸುವುದು ಆಧಾರ ಸ್ವರದಿಂದ. ತಾರಾಂತಾ ಎಫ್ ಶಾರ್ಪ್‌ನಲ್ಲಿ ನಿಲ್ಲುತ್ತದೆ. ಅಲ್ಲಿ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಿಡಿದಾಗ ಎರಡನೇ ಮತ್ತು ಒಂದನೇ ತಂತಿಗಳನ್ನು ಒತ್ತದೆ ಓಪನ್ ಬಿಟ್ಟಿರುತ್ತಾರೆ, ಅದರಿಂದ ಒಂದು ಉಜ್ಜಿದಂಥ, ಸ್ವಲ್ಪ ಕಹಿಯಾದ ನಾದ ಬರುತ್ತದೆ. ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಆರನೇ ತಂತಿಯಿಂದ ಒಂದನೇ ತಂತಿಯ ಕಡೆಗೆ 2, 4, 4, 3ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳು ಮಾಡುವ ಮನೆ), ಓಪನ್, ಓಪನ್ ಹಿಡಿದು ಮೀಟಿ ನೋಡಿ, ಗೊತ್ತಾಗುತ್ತದೆ. ಗ್ರನಾಯಿನಾ ಬಿ ಸ್ವರದಲ್ಲಿ, ಮಲಗೇನ್ಯಾ ಇ ಸ್ವರದಲ್ಲಿ ನಿಲ್ಲುತ್ತವೆ. ರೊಂದೇನ್ಯಾಕ್ಕೆ ತಂತಿಯ ಶ್ರುತಿಯೇ ಬೇರೆ: ಆರನೆಯದನ್ನು ಡಿ ಸ್ವರಕ್ಕೆ, ಮೂರನೆಯದನ್ನು ಎಫ್ ಶಾರ್ಪ್‌ಗೆ ಇಳಿಸಬೇಕು. ಸಾಮಾನ್ಯ ಶ್ರುತಿಯಲ್ಲಿಟ್ಟುಕೊಂಡು ವಾರಗಟ್ಟಲೆ ಹುಡುಕಿದರೂ ಆ ತುಣುಕು ಕೈಗೆ ಸಿಗದು.

ಚಪ್ಪಾಳೆ ಕೂತರೆ, ನಾಲ್ಕಕ್ಕೋ ಹನ್ನೆರಡಕ್ಕೋ ನೋಡಿ. ನಾಲ್ಕಕ್ಕೆ ಕೂತದ್ದು ತಾಂಗೋಸ್, ತಿಯೆಂತೋಸ್, ರುಂಬಾ, ಫಾರ್ರೂಕಾಗಳಲ್ಲಿ ಒಂದು. ತಾಂಗೋಸನ್ನೇ ನಿಧಾನಕ್ಕೆ ತೂಗಿದಂತೆ ಕೇಳಿದರೆ ತಿಯೆಂತೋಸ್. ಬಲಗೈ ಬಿಡದೆ ಉಜ್ಜುತ್ತಾ ಓಡುತ್ತಿದ್ದರೆ ರುಂಬಾ. ಕೊನೆಗೆ ನೇರವಾಗಿ ಎ ಮೈನರ್‌ನಲ್ಲಿ ನಿಂತರೆ ಫಾರ್ರೂಕಾ.

ಹನ್ನೆರಡಕ್ಕೆ ಕೂತವುಗಳಲ್ಲೇ ನಿಮ್ಮ ಗೊಂದಲ ಇರುವುದು. ಸೊಲೆಯಾ, ಅಲೆಗ್ರಿಯಾಸ್, ಬುಲೆರಿಯಾಸ್ ಮೂರಕ್ಕೂ ಒತ್ತು 3, 6, 8, 10, 12ನೇ ಎಣಿಕೆಗಳ ಮೇಲೆ. ಇವುಗಳಲ್ಲಿ ಅಲೆಗ್ರಿಯಾಸ್ ಬೇರ್ಪಡಿಸುವುದು ಸುಲಭ, ಅದು ಮೇಜರ್ ಸ್ಕೇಲ್. ಶಂಕರಾಭರಣದ ಬೆಳಕು ಕೇಳಿದ ಕೂಡಲೇ ತಿಳಿಯುತ್ತದೆ. ಉಳಿದೆರಡರಲ್ಲಿ ಸೊಲೆಯಾ ನಿಧಾನ, ಗಂಭೀರ. ಬುಲೆರಿಯಾಸ್ ನಿಮಿಷಕ್ಕೆ 200 ಎಣಿಕೆ ದಾಟಿ ಓಡುತ್ತದೆ, ಎಷ್ಟೋ ಸಲ 6ರ ಒತ್ತನ್ನು 7ಕ್ಕೆ ದೂಡುತ್ತದೆ. ಇವೆರಡರ ನಡುವಿನ ವೇಗದ್ದು ಇನ್ನೊಂದಿದೆ, ಸೊಲೆಯಾ ಪೊರ್ ಬುಲೆರಿಯಾ. ನಿಮ್ಮ ಸಂಗ್ರಹದಲ್ಲಿ ‘ಸೊಲೆಯಾನೋ ಬುಲೆರಿಯಾಸೋ ತಿಳಿಯದು’ ಎಂದು ಬದಿಗಿಟ್ಟವುಗಳಲ್ಲಿ ಒಂದೆರಡಾದರೂ ಇದೇ ಆಗಿರುವ ಸಾಧ್ಯತೆ ಹೆಚ್ಚು. ಸೆಗಿರಿಯಾ ಕೂಡ ಹನ್ನೆರಡೇ, ಆದರೆ ಕುಂಟು ನಡಿಗೆಯ ಐದು ಪೆಟ್ಟಾಗಿ ಕೇಳುತ್ತದೆ: ಎರಡು ಗಿಡ್ಡ, ಎರಡು ಉದ್ದ, ಮತ್ತೊಂದು ಗಿಡ್ಡ.

ಚಪ್ಪಾಳೆ ಬರೀ ಮೂರು ಮೂರಾಗಿ ಹೋಗಿ, ಎರಡೆರಡರ ಗುಂಪೇ ಸಿಗದಿದ್ದರೆ ಫಂದಾಂಗೋಸ್ ದೆ ಉಯೆಲ್ವಾ ಇರಬಹುದು, ಅದನ್ನೂ ಪಟ್ಟಿಯಲ್ಲಿಡಿ.

ಚಿತ್ರದುರ್ಗದಿಂದ ತಬಲಾ ಕಲಿಯುತ್ತಿರುವ ಓದುಗರು: ಹನ್ನೆರಡು ಮಾತ್ರೆ ಅಂದಮೇಲೆ ಏಕತಾಲವೇ ಅಲ್ಲವೇ ಎಂದು ಸೊಲೆಯಾಕ್ಕೆ ಏಕತಾಲದ ಠೇಕಾ ಹಾಕಿದೆ. ಗಿಟಾರ್ ಬಂದು ನಿಂತ ಕಡೆ ಸಮ ಇಟ್ಟರೂ ಮುಂದಿನ ತುಣುಕು ಮೂರು ಮಾತ್ರೆ ತಡವಾಗಿ ಶುರುವಾಗುತ್ತದೆ. ತಪ್ಪು ನನ್ನದೋ ಗಿಟಾರಿನವರದೋ?

ಉತ್ತರ: ಮೂರೇ ಮಾತ್ರೆ ಎಂದು ಎಣಿಸಿ ಬರೆದಿದ್ದೀರಿ, ಅದರಿಂದ ರೋಗ ಎಲ್ಲಿದೆ ಎಂದು ನೇರ ಹೇಳಬಹುದು. ನಮ್ಮ ತಾಳದಲ್ಲಿ ಸ್ವರ ಬಂದು ಇಳಿಯುವ ಮನೆ ಸಮ, ಅಂದರೆ ಒಂದನೇ ಮಾತ್ರೆ. ಸೊಲೆಯಾದಲ್ಲಿ ಸ್ವರ ಇಳಿಯುವ ಮನೆ ಹತ್ತನೇ ಎಣಿಕೆ. ಹನ್ನೊಂದು, ಹನ್ನೆರಡು ಉಸಿರು ಬಿಡುವ ಜಾಗ. ಅಲ್ಲಿ ಬಲಗೈಯ ಉಜ್ಜುವಿಕೆ ಬರಬಹುದು, ಮರದ ಮೇಲೆ ಬೆರಳಿನ ತಟ್ಟು ಬರಬಹುದು, ಸುಮ್ಮನೆಯೂ ಇರಬಹುದು. ನೀವು ಸಮ ಎಂದು ಹಿಡಿದದ್ದು ಹತ್ತನ್ನು. ಹತ್ತರಿಂದ ಮುಂದಿನ ಒಂದಕ್ಕೆ ಮೂರು ಎಣಿಕೆ. ಆ ಮೂರೇ ನಿಮಗೆ ತಡವಾಗಿ ಕಾಣುತ್ತಿರುವುದು. ಗಿಟಾರಿನವರು ಸರಿಯಾಗೇ ಬಂದಿದ್ದಾರೆ.

ಏಕತಾಲದ ವಿಭಾಗಗಳು ಎರಡೆರಡರಂತೆ ಆರು. ಕೊಂಪಾಸ್ ಹಾಗೆ ಸಮಭಾಗವಾಗಿ ಒಡೆಯುವುದಿಲ್ಲ, ಮೂರು ಮೂರು ಎರಡು ಎರಡು ಎರಡು ಎಂದು ಒಡೆಯುತ್ತದೆ. ಆದ್ದರಿಂದ ಠೇಕಾ ಬಿಟ್ಟುಬಿಡಿ, ಜತಿ ಹಿಡಿಯಿರಿ:

ತಕಿಟ ತಕಿಟ ತಕ ತಕ ತಕ

ಪ್ರತಿ ‘ತ’ದ ಮೇಲೆ ಚಪ್ಪಾಳೆ. ಆದರೆ ಮೊದಲನೇ ‘ತ’ ಎಣಿಕೆಯ ಒಂದರ ಮೇಲಲ್ಲ, ಹನ್ನೆರಡರ ಮೇಲೆ. ಹಾಗೆ ಶುರುಮಾಡಿದಾಗ ಐದು ‘ತ’ಗಳೂ 12, 3, 6, 8, 10ರ ಮೇಲೆ ತಾವಾಗಿಯೇ ಬೀಳುತ್ತವೆ. ಕೊನೆಯ ತಕದ ‘ತ’ ಇದೆಯಲ್ಲ, ಅದೇ ಹತ್ತು, ಅದೇ ನೀವು ಹುಡುಕುತ್ತಿದ್ದ ಮನೆ. ಸೆಗಿರಿಯಾಕ್ಕೂ ಇದೇ ಸರಪಳಿ, ಎಂಟರಿಂದ ಹೊರಡಬೇಕು ಅಷ್ಟೆ: ತಕ ತಕ ತಕಿಟ ತಕಿಟ ತಕ. ಒಂದೇ ಬಳೆಯನ್ನು ಬೇರೆ ಕಡೆಯಿಂದ ಹಿಡಿದು ತಿರುಗಿಸಿದ ಹಾಗೆ.

ಇನ್ನೊಂದು ಮಾತು, ಚಿಕ್ಕದಾದರೂ ಕೆಲಸಕ್ಕೆ ಬರುವಂಥದ್ದು. ವೇಗದ ಬುಲೆರಿಯಾಸನ್ನು ಕನ್ನಡದ ಅಂಕಿಗಳಲ್ಲಿ ಎಣಿಸುವಾಗ ‘ಹನ್ನೊಂದು, ಹನ್ನೆರಡು’ ನಾಲಿಗೆಗೆ ಉದ್ದವಾಗಿ ಎಣಿಕೆ ಎಳೆಯುತ್ತದೆ. ಸ್ಪೇನಿನವರಿಗೂ ಈ ತೊಂದರೆ ಇದೆ, ಅವರು ಹತ್ತಾದ ಮೇಲೆ ಮತ್ತೆ ‘ಒಂದು, ಎರಡು’ ಎಂದೇ ಎಣಿಸುತ್ತಾರೆ. ನೀವೂ ‘ಒಂಬತ್, ಹತ್, ಒಂದ್, ಎರಡ್’ ಎಂದು ಮುಗಿಸಿ, ಮತ್ತೆ ಒಂದರಿಂದ ಹಿಡಿಯಿರಿ.

ಹರಿಹರದಿಂದ ಒಬ್ಬರು: ಒಂದು ಬುಲೆರಿಯಾಸ್ ತುಣುಕು ಸಿ ಶಾರ್ಪ್‌ನಲ್ಲಿ ನಿಲ್ಲುತ್ತದೆ ಎಂದು ಕೀಬೋರ್ಡಿನಲ್ಲಿ ಒತ್ತಿ ನೋಡಿ ಖಾತ್ರಿ ಮಾಡಿಕೊಂಡೆ. ಆದರೆ ಸಿಕ್ಕ ಟ್ಯಾಬ್‌ನಲ್ಲಿ (ಯಾವ ತಂತಿ, ಯಾವ ಫ್ರೆಟ್ ಎಂದು ಗೆರೆಗಳ ಮೇಲೆ ಬರೆದ ಹಾಳೆ) ಎ ಎಂದಿದೆ. ಟ್ಯಾಬ್ ತಪ್ಪೇ?

ಉತ್ತರ: ಎರಡೂ ಸರಿ. ನಡುವೆ ಇರುವುದು ಸೆಹಿಯಾ, ನಾವು ಕ್ಯಾಪೊ ಎನ್ನುವುದು, ಒಂದು ಫ್ರೆಟ್‌ನಲ್ಲಿ ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್ಪು. ಹಾಡುಗಾರರ ಶ್ರುತಿಗೆ ತಕ್ಕಂತೆ ಫ್ಲಮೆಂಕೊದವರು ಕ್ಯಾಪೊ ಏರಿಸುತ್ತಾರೆ, ಕೈಯ ಆಕಾರ ಮಾತ್ರ ಬದಲಿಸುವುದಿಲ್ಲ. ಹೆಚ್ಚಿನ ಫಾಲ್ಸೆತಾಗಳು ಎರಡೇ ಆಕಾರಗಳಲ್ಲಿವೆ. ಇ ಕಾರ್ಡಿಗೆ ಬಂದು ನಿಲ್ಲುವುದು ಪೊರ್ ಅರ್ರಿಬಾ, ಅಂದರೆ ‘ಮೇಲಿಂದ’. ಎ ಕಾರ್ಡಿಗೆ ಬಂದು ನಿಲ್ಲುವುದು ಪೊರ್ ಮೆದಿಯೊ, ‘ನಡುವಿನಿಂದ’. ಸೊಲೆಯಾ ಹೆಚ್ಚಾಗಿ ಮೊದಲನೆಯದರಲ್ಲಿ. ಬುಲೆರಿಯಾಸ್, ತಾಂಗೋಸ್, ಸೆಗಿರಿಯಾ ಹೆಚ್ಚಾಗಿ ಎರಡನೆಯದರಲ್ಲಿ. ಎ ಆಕಾರಕ್ಕೆ ನಾಲ್ಕನೇ ಫ್ರೆಟ್‌ನಲ್ಲಿ ಕ್ಯಾಪೊ ಹಾಕಿದರೆ ಕಿವಿಗೆ ಸಿ ಶಾರ್ಪ್ ಕೇಳುತ್ತದೆ. ಟ್ಯಾಬ್ ಬರೆಯುವವರು ಕ್ಯಾಪೊ ಇದ್ದ ಜಾಗವನ್ನೇ ಸೊನ್ನೆ ಎಂದು ಹಿಡಿದು ಬರೆಯುತ್ತಾರೆ.

ಕ್ಯಾಪೊ ಎಷ್ಟರಲ್ಲಿದೆ ಎಂದು ಹೇಗೆ ತಿಳಿಯುವುದು? ನಿಂತ ಸ್ವರವೊಂದೇ ಸಾಲದು. ಎ ಸ್ವರ ಕೇಳಿದರೆ ಅದು ಕ್ಯಾಪೊ ಇಲ್ಲದ ಪೊರ್ ಮೆದಿಯೊ ಆಗಿರಬಹುದು, ಐದನೇ ಫ್ರೆಟ್‌ನಲ್ಲಿ ಕ್ಯಾಪೊ ಹಾಕಿದ ಪೊರ್ ಅರ್ರಿಬಾ ಕೂಡ ಆಗಿರಬಹುದು. ಬಿಡಿಸಲು ತಗ್ಗಿನ ಸ್ವರಗಳಿಗೆ ಕಿವಿಕೊಡಿ. ನಿಂತ ಸ್ವರವನ್ನು ಷಡ್ಜ ಎಂದುಕೊಳ್ಳಿ. ಅದಕ್ಕಿಂತ ಕೆಳಗೆ ಮಂದ್ರದ ನಿ, ದ, ಪ ಎಲ್ಲಾದರೂ ಕೇಳಿದರೆ ಪೊರ್ ಮೆದಿಯೊ, ಏಕೆಂದರೆ ಅಲ್ಲಿ ಷಡ್ಜ ಐದನೇ ತಂತಿಯಲ್ಲಿದೆ, ಅದರ ಕೆಳಗೆ ಆರನೇ ತಂತಿ ಇನ್ನೂ ಉಳಿದಿದೆ. ತುಣುಕಿನಲ್ಲಿ ಕೇಳುವ ಅತಿ ತಗ್ಗಿನ ಸ್ವರವೇ ಷಡ್ಜವಾಗಿದ್ದು ಅದರ ಕೆಳಗೆ ಏನೂ ಇಲ್ಲದಿದ್ದರೆ ಪೊರ್ ಅರ್ರಿಬಾ. ಆರನೇ ಓಪನ್ ತಂತಿಯೇ ಅಲ್ಲಿ ನೆಲ. ಈ ಒಂದು ಪರೀಕ್ಷೆ ಅಭ್ಯಾಸವಾದರೆ ಕ್ಯಾಪೊ ಲೆಕ್ಕ ಬೆರಳ ತುದಿಗೆ ಬರುತ್ತದೆ. ನೀವು ಹೇಳಿದ ತುಣುಕಿಗೆ ತಾಳವೇ ಇರದಿದ್ದರೆ ಇನ್ನೊಂದು ಅನುಮಾನ ಬರುತ್ತಿತ್ತು, ರೊಂದೇನ್ಯಾ ಕ್ಯಾಪೊ ಇಲ್ಲದೆಯೂ ಸಿ ಶಾರ್ಪ್‌ನಲ್ಲಿ ನಿಲ್ಲುತ್ತದೆ. ಆದರೆ ಬುಲೆರಿಯಾಸ್ ಎಂದಿದ್ದೀರಿ, ಹಾಗಾಗಿ ನಾಲ್ಕನೇ ಫ್ರೆಟ್.

ಹಳೆಯ 78 ಸುತ್ತಿನ ಗ್ರಾಮಫೋನ್ ತಟ್ಟೆಗಳಿಂದ ಇಳಿಸಿದ ದನಿಯಾದರೆ ಸ್ವರ ಎರಡು ಮನೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ತಟ್ಟೆ ತಿರುಗಿದ ವೇಗದ ವ್ಯತ್ಯಾಸವೂ ಕಾರಣವಾಗಿರಬಹುದು, ಅಂದು ಗಿಟಾರ್ ಶ್ರುತಿ ಮಾಡಿದ ರೀತಿಯೂ ಆಗಿರಬಹುದು. ಆಗ ದನಿಯನ್ನು ತಿದ್ದಲು ಹೋಗಬೇಡಿ. ಟ್ಯೂನರ್ ಆಪ್‌ನಲ್ಲಿ ಎ ಸ್ವರದ 440ನ್ನು ಹಿಂದೆ ಮುಂದೆ ಸರಿಸಿ, ನಿಮ್ಮ ಗಿಟಾರನ್ನೇ ಆ ದನಿಗೆ ಸೇರಿಸಿಕೊಳ್ಳಿ.

ಹೊಳಲ್ಕೆರೆಯಿಂದ ಒಬ್ಬ ಓದುಗರು: ಟ್ಯಾಬ್ ನೋಡಿಕೊಂಡು ಒಂದು ಸೊಲೆಯಾ ಫಾಲ್ಸೆತಾವನ್ನು ತಿಂಗಳು ಪೂರ್ತಿ ಕಲಿತೆ. ಒಬ್ಬನೇ ನುಡಿಸುವಾಗ ಚೆನ್ನಾಗಿದೆ. ಗೆಳೆಯ ಚಪ್ಪಾಳೆ ಹಾಕಿದರೆ ಎರಡನೇ ಸುತ್ತಿಗೇ ತಾಳ ಬಿಟ್ಟುಹೋಗುತ್ತದೆ. ಕಲಿಯುವ ಕ್ರಮವೇ ತಪ್ಪಿದೆಯೇ?

ಉತ್ತರ: ಹೌದು, ಕ್ರಮ ತಿರುಗುಮುರುಗಾಗಿದೆ. ನೀವು ಬೆರಳಿಗೆ ಮೊದಲು ಕಲಿಸಿದ್ದೀರಿ. ಟ್ಯಾಬ್ ಯಾವ ತಂತಿ, ಯಾವ ಫ್ರೆಟ್ ಎಂದು ಹೇಳುತ್ತದೆ, ಯಾವ ಎಣಿಕೆ ಎಂದು ಹೆಚ್ಚಿನವು ಹೇಳುವುದಿಲ್ಲ. ಹತ್ತರಲ್ಲಿ ಸ್ವರ ಮುಗಿಯುತ್ತದೆ, ಟ್ಯಾಬ್‌ನ ಗೆರೆಯೂ ಅಲ್ಲೇ ಮುಗಿಯುತ್ತದೆ. ಹನ್ನೊಂದು, ಹನ್ನೆರಡರ ಮೌನ ಕಾಗದದ ಮೇಲೆ ಇರುವುದೇ ಇಲ್ಲ. ಓದುವವರು ಹತ್ತು ಮುಗಿದ ಕೂಡಲೇ ಮುಂದಿನ ಸಾಲಿನ ಒಂದಕ್ಕೆ ಹಾರುತ್ತಾರೆ. ಚಪ್ಪಾಳೆ ಹಾಕುವವರು ಹನ್ನೆರಡನ್ನು ಹಾಕುತ್ತಿರುತ್ತಾರೆ, ನೀವು ಎರಡರಲ್ಲಿ ಇರುತ್ತೀರಿ. ಎರಡನೇ ಸುತ್ತಿಗೆ ಬಿಟ್ಟುಹೋಗುವುದು ಇದಕ್ಕೇ.

ಕಲಿಯುವ ಕ್ರಮ ಹೀಗಿರಲಿ. ಮೊದಲ ಮೂರು ದಿನ ಗಿಟಾರ್ ಮುಟ್ಟಬೇಡಿ. ಆ ತುಣುಕಿನ ಜೊತೆಗೆ ಅದರ ಹಿಂದಿನ ಒಂದು ಇಡೀ ಕೊಂಪಾಸನ್ನೂ ಸೇರಿಸಿ ಕತ್ತರಿಸಿಕೊಳ್ಳಿ. ತುಣುಕು ಶುರುವಾದ ಕಡೆಯಿಂದಲೇ ಕತ್ತರಿಸಿದರೆ ಅದು ಒಂದರಿಂದ ಎದ್ದಿತೋ ಹನ್ನೆರಡರಿಂದ ಎದ್ದಿತೋ ಎಂದೂ ತಿಳಿಯುವುದಿಲ್ಲ. ಅದಕ್ಕೆ ಚಪ್ಪಾಳೆ ಹಾಕಿ. ಆಮೇಲೆ ಚಪ್ಪಾಳೆ ಹಾಕುತ್ತಲೇ ಬಾಯಲ್ಲಿ ಹಾಡಿ. ಬಾಯಲ್ಲಿ ಹಾಡಲು ಬಾರದ್ದು ಬೆರಳಿಗೂ ತಾಳದಲ್ಲಿ ಬಾರದು. ನಿಧಾನ ಮಾಡಿ ಕೇಳಲು ಯೂಟ್ಯೂಬಿನ 0.75 ಮತ್ತು 0.5 ವೇಗ ಸಾಕು, ಅದಕ್ಕೂ ಕೆಳಗೆ ಇಳಿಸಿದರೆ ದನಿ ಒಡೆದು ಒಂದು ಸ್ವರ ಎರಡಾಗಿ ಕೇಳುತ್ತದೆ. ಕಂಪ್ಯೂಟರಿನಲ್ಲಿ ಆಡಾಸಿಟಿ ಬಳಸುವವರು ‘ಟೆಂಪೊ’ ಬದಲಿಸಿ, ‘ಸ್ಪೀಡ್’ ಅಲ್ಲ. ಎರಡನೆಯದು ಶ್ರುತಿಯನ್ನೂ ಎಳೆದುಕೊಂಡು ಹೋಗುತ್ತದೆ.

ನಾಲ್ಕನೇ ದಿನ ಗಿಟಾರ್ ಹಿಡಿದಾಗ ಕೊನೆಯಿಂದ ಕಲಿಯಿರಿ. ಏಳರಿಂದ ಹತ್ತರವರೆಗಿನ ಇಳಿತವನ್ನು ಮೊದಲು. ಮೊದಲಿನಿಂದ ಕಲಿತವರ ಆರಂಭ ಇನ್ನೂರು ಸಲ ಪಳಗಿರುತ್ತದೆ, ಕೊನೆ ಇಪ್ಪತ್ತು ಸಲ. ಹಾಡುಗಾರರಿಗೆ ಬೇಕಾದದ್ದು ನಿಮ್ಮ ಕೊನೆ, ಅದನ್ನು ಕೇಳಿಯೇ ಅವರು ದನಿ ಎತ್ತುವುದು. ಉದಾಹರಣೆಗೆ ಸೊಲೆಯಾದ ಅತಿ ಸರಳ ಇಳಿತ ಒಂದನ್ನು ಇಲ್ಲಿ ಕೊಡುತ್ತೇವೆ, ಪೂರ್ತಿ ಹೆಬ್ಬೆರಳಲ್ಲಿ ನುಡಿಸಬೇಕು:

ಏಳಕ್ಕೆ ಮೂರನೇ ತಂತಿಯ 2ನೇ ಫ್ರೆಟ್.
ಎಂಟಕ್ಕೆ ಮೂರನೇ ತಂತಿ ಓಪನ್.
ಒಂಬತ್ತಕ್ಕೆ ನಾಲ್ಕನೇ ತಂತಿಯ 3ನೇ ಫ್ರೆಟ್.
ಹತ್ತಕ್ಕೆ ನಾಲ್ಕನೇ ತಂತಿಯ 2ನೇ ಫ್ರೆಟ್, ಜೊತೆಗೆ ಆರನೇ ಓಪನ್ ತಂತಿ.
ಹನ್ನೊಂದಕ್ಕೆ ಉಂಗುರ ಬೆರಳಿನಿಂದ ಮರದ ಮೇಲೆ ಒಂದು ತಟ್ಟು, ಇದಕ್ಕೆ ಗೋಲ್ಪೆ ಎನ್ನುತ್ತಾರೆ. ಹನ್ನೆರಡಕ್ಕೆ ಇನ್ನೊಂದು.

ಎ, ಜಿ, ಎಫ್, ಇ. ಸೊಲೆಯಾದ ಸಾವಿರ ಫಾಲ್ಸೆತಾಗಳ ಬೆನ್ನೆಲುಬು ಈ ನಾಲ್ಕು ಸ್ವರ. ಎರಡು ತಟ್ಟು ಏಕೆ ಕಡ್ಡಾಯ ಮಾಡಿದ್ದೇವೆಂದರೆ, ಮೌನವನ್ನು ಎಣಿಸಲು ಕೈಗೆ ಬೇಸರ, ಕೆಲಸ ಕೊಟ್ಟರೆ ಎಣಿಸುತ್ತದೆ. ಇದು ನಿಮಿಷಕ್ಕೆ 60ರ ಮೆಟ್ರೊನೋಮಿಗೆ, ಎಣಿಕೆಗೊಂದು ಟಿಕ್‌ನಂತೆ, ಹತ್ತು ಸಲ ತಪ್ಪಿಲ್ಲದೆ ಬಂದ ಮೇಲೆ ನಾಲ್ಕರಿಂದ ಆರರ ಭಾಗ ಸೇರಿಸಿ, ಆಮೇಲೆ ಒಂದರಿಂದ ಮೂರು. ಒಂದರಿಂದ ಮೂರರಲ್ಲಿ ಗಮನ ಮೂರರ ಮೇಲಿರಲಿ. ಸೊಲೆಯಾದಲ್ಲಿ ಇ ಕಾರ್ಡು ಎಫ್ ಕಾರ್ಡಿಗೆ ತಿರುಗುವ ಜಾಗ ಅದು. ಮೂರರಲ್ಲಿ ಎಫ್ ಕೇಳಿತು, ಹತ್ತರಲ್ಲಿ ಇ ಕೇಳಿತು ಎಂದರೆ ಚಪ್ಪಾಳೆಯವರಿಗೆ ನೀವು ಎಲ್ಲಿದ್ದೀರಿ ಎಂದು ಗೊತ್ತಿದೆ.

ವೇಗ ಏರಿಸುವುದು 4 4ರಂತೆ. ಒಂದು ವೇಗದಲ್ಲಿ ಮೂರು ಸಲ ಸತತ ಸರಿಬಂದರೆ ಮಾತ್ರ ಮುಂದಿನದು. ತಪ್ಪಿದರೆ 8 ಇಳಿಸಿ. ತಪ್ಪುವ ಜಾಗ ಸಾಮಾನ್ಯವಾಗಿ ಎರಡೇ. ಒಂದು, ಲಿಗಾದೊ, ಅಂದರೆ ಬಲಗೈ ಮೀಟದೆ ಎಡಗೈ ಬೆರಳಿನ ಬಡಿತ ಎಳೆತದಲ್ಲೇ ಬರುವ ಸ್ವರಗಳು. ಅವು ಸುಲಭ ಅನಿಸಿ ಕೈ ಓಡುತ್ತದೆ, ಎಣಿಕೆಗಿಂತ ಮುಂಚೆ ತಲುಪುತ್ತದೆ. ಅವನ್ನು ಒಂದು ವಾರ ಎಲ್ಲ ಸ್ವರಗಳನ್ನೂ ಮೀಟಿಯೇ ನುಡಿಸಿ ಸಮಮಾಡಿ, ಆಮೇಲೆ ಲಿಗಾದೊಗೆ ಮರಳಿ. ಎರಡನೆಯದು, ಟ್ಯಾಬ್‌ನಲ್ಲಿಯ ತಪ್ಪು ಜಾಗ. ಒಂದೇ ಸ್ವರ ಗಿಟಾರಿನಲ್ಲಿ ಎರಡು ಮೂರು ಕಡೆ ಸಿಗುತ್ತದೆ. ಫಾಲ್ಸೆತಾಗಳು ಬಹುಪಾಲು ಕಾರ್ಡಿನ ಆಕಾರ ಬಿಡದೆ ಕೈಯಳತೆಯಲ್ಲೇ ಸುತ್ತುತ್ತವೆ. ಒಂದು ಸ್ವರಕ್ಕಾಗಿ ಕೈ ಎರಡನೇ ಫ್ರೆಟ್‌ನಿಂದ ಏಳಕ್ಕೆ ಹಾರಿ ಮರಳಬೇಕೆಂದು ಟ್ಯಾಬ್ ಹೇಳಿದರೆ ಅನುಮಾನಿಸಿ, ಪಕ್ಕದ ತಂತಿಯಲ್ಲಿ ಅದೇ ಸ್ವರ ಹುಡುಕಿ.

ಕೊನೆಗೆ, ಮೆಟ್ರೊನೋಮ್ ಇಲ್ಲದೆ ಮೂರು ಸುತ್ತು ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಮಾರನೇ ದಿನ ಅದಕ್ಕೆ ನೀವೇ ಚಪ್ಪಾಳೆ ಹಾಕಿ ನೋಡಿ. ಗೆಳೆಯನನ್ನು ಕರೆಯುವುದು ಅದು ಪಾಸಾದ ಮೇಲೆ.

ಚಳ್ಳಕೆರೆಯಿಂದ ಸಂಗೀತ ಶಿಕ್ಷಕಿಯೊಬ್ಬರು: ನನ್ನ ಕಿವಿಗೆ ಇದು ಸಾಕ್ಷಾತ್ ತೋಡಿ. ಮಕ್ಕಳಿಗೆ ಹಾಗೆಂದು ಹೇಳಿಕೊಡಬಹುದೇ?

ಉತ್ತರ: ಮೇಡಂ, ಸ್ವರಸ್ಥಾನದ ಮಟ್ಟಿಗೆ ನಿಮ್ಮ ಕಿವಿ ಸರಿಯಾಗಿದೆ. ಇ ಸ್ವರವನ್ನು ಷಡ್ಜ ಮಾಡಿಕೊಂಡರೆ ಮೇಲೆ ಕೊಟ್ಟ ಇಳಿತ ಮ ಗ ರಿ ಸ, ಶುದ್ಧ ರಿಷಭ, ಸಾಧಾರಣ ಗಾಂಧಾರ. ಎಂಟನೇ ಮೇಳ ಹನುಮತೋಡಿಯ ಸ್ವರಗಳು. ಹಿಂದೂಸ್ತಾನಿ ಕಲಿತ ಮಕ್ಕಳಿಗೆ ಭೈರವಿ ಥಾಟ್ ಎನ್ನಬಹುದು. ಆದರೆ ಎರಡು ಎಚ್ಚರ ಹೇಳಿ. ಇಳಿತದಲ್ಲಿ ಸಾಧಾರಣ ಗಾಂಧಾರ ಬಂದರೂ, ನಿಲ್ಲುವ ಇ ಮೇಜರ್ ಕಾರ್ಡಿನಲ್ಲಿರುವುದು ಅಂತರ ಗಾಂಧಾರ. ಅದು ಪ್ರಬಲವಾದ ತುಣುಕುಗಳಲ್ಲಿ ಹದಿನಾಲ್ಕನೇ ಮೇಳ ವಕುಳಾಭರಣದ ನೆರಳು ಬರುತ್ತದೆ. ತೋಡಿ ಎಂದು ಗಟ್ಟಿಮಾಡಿಕೊಂಡ ಮಕ್ಕಳು ಬರೆದುಕೊಳ್ಳುವಾಗ ಈ ಎರಡನೇ ಗಾಂಧಾರವನ್ನು ತಪ್ಪೆಂದು ತಿದ್ದಿಬಿಡುತ್ತಾರೆ. ಇನ್ನೊಂದು, ತೋಡಿಯ ಗಾಂಧಾರಕ್ಕೆ ಬೇಕಾದ ಕಂಪಿತ ಇಲ್ಲಿ ಇಲ್ಲ. ಸ್ವರ ನೆಟ್ಟಗೆ ನಿಲ್ಲುತ್ತದೆ, ಅಲಂಕಾರವೆಲ್ಲ ಲಿಗಾದೊದ ಚುಟುಕು ಸುತ್ತುಗಳಲ್ಲಿ. ತಂತಿ ಎಳೆದು ಗಮಕ ಹಾಕಿದರೆ ಚೆಂದ ಕೇಳಬಹುದು, ಫಾಲ್ಸೆತಾ ಆಗಿ ಉಳಿಯುವುದಿಲ್ಲ.

ದಾವಣಗೆರೆಯ ಕಾಲೇಜು ವಿದ್ಯಾರ್ಥಿನಿ: ಒಂದೇ ಫಾಲ್ಸೆತಾವನ್ನು ಇಬ್ಬರು ಮೂವರು ನುಡಿಸಿದ್ದಾರೆ. ಇದು ಯಾರದೆಂದು ಬರೆದುಕೊಳ್ಳಲಿ? ಮೊದಲು ಯಾರದನ್ನು ಕಲಿಯಲಿ?

ಉತ್ತರ: ಫಾಲ್ಸೆತಾ ಕೈಯಿಂದ ಕೈಗೆ ದಾಟುವ ಸ್ವತ್ತು. ಒಬ್ಬರು ಕಟ್ಟಿದ್ದನ್ನು ಶಿಷ್ಯರು, ಮನೆಯವರು, ದೂರದಿಂದ ಕೇಳಿದವರು ನುಡಿಸುತ್ತಾರೆ, ಅರ್ಧ ಕೊಂಪಾಸ್ ಸೇರಿಸುತ್ತಾರೆ, ಕೊನೆ ಬದಲಿಸುತ್ತಾರೆ. ಆದ್ದರಿಂದ ‘ಇಂಥವರದು’ ಎಂದು ಬರೆಯುವ ಬದಲು ‘ಇಂಥ ರೆಕಾರ್ಡಿಂಗಿನಲ್ಲಿ ಇಂಥವರು ನುಡಿಸಿದ್ದು’ ಎಂದು ಬರೆಯಿರಿ. ನೋಟ್‌ಬುಕ್ಕಿನಲ್ಲಿ ಪ್ರತಿ ತುಣುಕಿಗೂ ಪಾಲೊ, ಆಕಾರ ಮತ್ತು ಕ್ಯಾಪೊ, ಗಿಟಾರಿನವರು, ಹಾಡಿದವರು, ಎಷ್ಟನೇ ನಿಮಿಷ ಎಷ್ಟನೇ ಸೆಕೆಂಡು, ಎಷ್ಟು ಕೊಂಪಾಸ್ ಉದ್ದ, ಯಾವ ಎಣಿಕೆಯಲ್ಲಿ ಎದ್ದಿತು, ಯಾವ ಬಲಗೈ ತಂತ್ರ ಎಂದು ಬರೆಯಿರಿ. ಕಡೆಯ ಎರಡು ಇಲ್ಲದ ಪಟ್ಟಿ ಆರು ತಿಂಗಳ ಮೇಲೆ ಉಪಯೋಗಕ್ಕೆ ಬರುವುದಿಲ್ಲ.

ತಂತ್ರ ಗುರುತಿಸುವುದು ಕಷ್ಟವಲ್ಲ. ತೋರುಬೆರಳು ಮಧ್ಯಬೆರಳು ಒಂದಾದ ಮೇಲೊಂದು ಮೀಟಿ ಓಡುವ ಒಂಟಿ ಸ್ವರಗಳ ಸಾಲು ಪಿಕಾದೊ. ಹೆಬ್ಬೆರಳ ಉಗುರೇ ಮೇಲೆ ಕೆಳಗೆ ಹೊಡೆಯುತ್ತಾ ದಪ್ಪ ದನಿಯಲ್ಲಿ ಉರುಳುವುದು ಅಲ್ಸಾಪುವಾ. ಬೆರಳುಗಳು ಬಿಚ್ಚಿಕೊಂಡು ತಂತಿಗಳನ್ನೆಲ್ಲ ಉಜ್ಜುವುದು ರಾಸ್ಗೆಯಾದೊ. ಜೊತೆಗೆ ಕಹೋನ್ ಎಂಬ ಮರದ ಪೆಟ್ಟಿಗೆ ವಾದ್ಯ ಕೇಳಿದರೆ ಆ ರೆಕಾರ್ಡಿಂಗ್ 1970ರ ದಶಕದ ಕೊನೆಯ ನಂತರದ್ದು ಎಂದು ಬರೆದುಕೊಳ್ಳಬಹುದು. ಪೆರು ದೇಶದ ಆ ವಾದ್ಯವನ್ನು ಫ್ಲಮೆಂಕೊಗೆ ತಂದವರು ಗಿಟಾರ್ ವಾದಕ ಪಾಕೊ ದೆ ಲೂಸಿಯಾ.

ಯಾರಿಂದ ಶುರು ಎಂದರೆ, ಪಾಕೊ ದೆ ಲೂಸಿಯಾ (1947–2014) ಅವರಿಂದ ಬೇಡ. ಅವರ ಪಿಕಾದೊದ ವೇಗ ನೋಡಿ ಎಲ್ಲರೂ ಅಲ್ಲಿಗೇ ಹೋಗುತ್ತಾರೆ, ಮೂರು ತಿಂಗಳಲ್ಲಿ ಕೈಬಿಡುತ್ತಾರೆ. ಮೊರೊನ್ ಊರಿನ ದಿಯೆಗೊ ದೆಲ್ ಗಾಸ್ತೊರ್ (1908–1973) ಅವರನ್ನು ಹಿಡಿಯಿರಿ. ಬಹಳಷ್ಟು ಹೆಬ್ಬೆರಳ ಕೆಲಸ, ಸ್ವರ ಕಡಿಮೆ, ತೂಕ ಹೆಚ್ಚು. ಸ್ವರಕ್ಕೂ ಸ್ವರಕ್ಕೂ ನಡುವಿನ ಜಾಗದಲ್ಲಿ ಕೊಂಪಾಸ್ ಬಡಿಯುವುದು ಕೇಳುತ್ತದೆ. ಸೆಗಿರಿಯಾಕ್ಕೆ ಮೆಲ್ಚೊರ್ ದೆ ಮಾರ್ಚೆನಾ. ಬುಲೆರಿಯಾಸಿಗೆ ಹೆರೆಸ್ ಊರಿನ ಮೊರಾಯಿತೊ (1956–2011). ಅವರ ಫಾಲ್ಸೆತಾ ಚಿಕ್ಕವು, ತಾಳ ಕಲ್ಲಿನ ಹಾಗೆ ನಿಲ್ಲುತ್ತದೆ. ಇವರಾದ ಮೇಲೆ ನಿನ್ಯೊ ರಿಕಾರ್ದೊ, ಸಾಬಿಕಾಸ್. ಇವರಿಬ್ಬರನ್ನು ಕೇಳಿಕೊಂಡು ಪಾಕೊಗೆ ಹೋದರೆ ಅವರು ಎಲ್ಲಿಂದ ಹೊರಟರು, ಎಲ್ಲಿ ದಾರಿ ಬೇರೆ ಮಾಡಿಕೊಂಡರು ಎಂದು ಕಿವಿಗೇ ತಿಳಿಯುತ್ತದೆ. ಹಾಡುಗಾರ ಕಮರೋನ್ ದೆ ಲಾ ಇಸ್ಲಾ ಜೊತೆ ಅವರು ನುಡಿಸಿದ್ದನ್ನು ಮರೆಯದೆ ಕೇಳಿ. ಫಾಲ್ಸೆತಾ ಹಾಡಿಗೆ ದಾರಿ ಬಿಡುವುದು ಹೇಗೆ ಎಂಬುದು ಅಲ್ಲಿದೆ.

ಹಿರಿಯೂರಿನಿಂದ ಒಬ್ಬರು: ನನ್ನದು ಸ್ಟೀಲ್ ತಂತಿಯ ಅಕೂಸ್ಟಿಕ್ ಗಿಟಾರ್. ಇದರಲ್ಲೇ ಕಲಿಯಬಹುದೇ? ಟ್ರೆಮೊಲೊ ಕೂಡ ಕುಂಟುತ್ತಿದೆ.

ಉತ್ತರ: ತಾಳ, ಇಳಿತ, ಎಡಗೈ ಜಾಗ ಇದರಲ್ಲೇ ಕಲಿಯಿರಿ, ತೊಂದರೆಯಿಲ್ಲ. ರಾಸ್ಗೆಯಾದೊ, ಅಲ್ಸಾಪುವಾ ಮಾತ್ರ ಬೇಡ, ಸ್ಟೀಲ್ ತಂತಿ ಉಗುರನ್ನು ವಾರದೊಳಗೆ ತಿಂದುಹಾಕುತ್ತದೆ. ಗೋಲ್ಪೆಯನ್ನು ಬರಿಯ ಮರದ ಮೇಲೆ ತಟ್ಟಬೇಡಿ, ಪಾಲಿಶ್ ಎದ್ದು ಮರ ಕುಳಿಬೀಳುತ್ತದೆ. ಫ್ಲಮೆಂಕೊ ಗಿಟಾರಿನಲ್ಲಿ ಅದಕ್ಕೆಂದೇ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಮುಂದೆ ನೈಲಾನ್ ತಂತಿಯ ಗಿಟಾರ್ ಕೊಳ್ಳುವಾಗ ಹನ್ನೆರಡನೇ ಫ್ರೆಟ್‌ನ ಮೇಲೆ ಆರನೇ ತಂತಿಯ ಎತ್ತರ ಅಳೆಸಿ. ಫ್ಲಮೆಂಕೊಗೆ 3 ಮಿಲಿಮೀಟರ್ ಆಸುಪಾಸು ಇದ್ದರೆ ಕೈಗೆ ಹಗುರ. ಕ್ಲಾಸಿಕಲ್ ಗಿಟಾರಿನಲ್ಲಿ 4ರ ಹತ್ತಿರ ಇರುತ್ತದೆ. ಆ ಗಿಟಾರಿಗೆ ಎಂದೂ ಸ್ಟೀಲ್ ತಂತಿ ಹಾಕಬೇಡಿ, ಎಳೆತ ತಾಳದೆ ಬ್ರಿಡ್ಜ್ ಕಿತ್ತುಬರುತ್ತದೆ.

ಟ್ರೆಮೊಲೊ, ಅಂದರೆ ಬೆರಳುಗಳು ಸರದಿಯಂತೆ ಒಂದೇ ಸ್ವರವನ್ನು ಬಿಡದೆ ಮೀಟುವುದು, ಕುಂಟುವುದಕ್ಕೆ ಒಂದು ಕಾರಣ ಇರಬೇಕು. ಕ್ಲಾಸಿಕಲ್ ಪಾಠದಲ್ಲಿ ಹೆಬ್ಬೆರಳಾದ ಮೇಲೆ ಮೂರು ಮೀಟು, ಒಟ್ಟು ನಾಲ್ಕು. ಫ್ಲಮೆಂಕೊದಲ್ಲಿ ಹೆಬ್ಬೆರಳು, ತೋರು, ಉಂಗುರ, ಮಧ್ಯ, ಮತ್ತೆ ತೋರು, ಒಟ್ಟು ಐದು. ನಾಲ್ಕಕ್ಕೆ ಪಳಗಿದ ಕೈ ಐದನೆಯದನ್ನು ಸಂದಿಯಲ್ಲಿ ತುರುಕುತ್ತದೆ, ತೋರುಬೆರಳಿನ ಮೊದಲ ಮೀಟು ಹೆಬ್ಬೆರಳಿಗೆ ಅಂಟಿಕೊಳ್ಳುತ್ತದೆ. ಎಡ ಅಂಗೈಯನ್ನು ತಂತಿಗಳ ಮೇಲೆ ಸಡಿಲವಾಗಿಟ್ಟು ನಾದ ಕಟ್ಟಿ, ಮೆಟ್ರೊನೋಮ್ 40ಕ್ಕೆ ಇಟ್ಟು, ಟಿಕ್ಕಿಗೊಂದು ಸುತ್ತು ಮೀಟುತ್ತಾ ಬಾಯಲ್ಲಿ ‘ತಕತಕಿಟ’ ಹೇಳಿ, ಅಕ್ಷರಕ್ಕೊಂದು ಬೆರಳು. ಒಂದು ದಿನ ಎರಡನೇ ಅಕ್ಷರಕ್ಕೆ ಒತ್ತು ಕೊಡಿ, ಮರುದಿನ ಮೂರನೆಯದಕ್ಕೆ, ಹೀಗೆ ಐದೂ ಅಕ್ಷರಕ್ಕೆ ಒಂದೊಂದು ದಿನ. ನಾದ ಇಲ್ಲದಿರುವಾಗ ಬರೀ ಟಕಟಕ ಸದ್ದು ಉಳಿಯುವುದರಿಂದ ಯಾವ ಬೆರಳು ಅವಸರ ಮಾಡಿತು ಎಂದು ಅಡಗಿಸಲಾಗದು. ಐದೂ ಅಕ್ಷರ ಒಂದೇ ಅಳತೆಗೆ ಬಂದ ಮೇಲೆ ಅಂಗೈ ಎತ್ತಿ, ಎಡಗೈಯಲ್ಲಿ ಕಾರ್ಡ್ ಹಿಡಿಯಿರಿ.